ಇಜಿಆರ್ ತೊಂದರೆ ಪತ್ತೆ ಹಚ್ಚುವುದು ಹೇಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಇಜಿಆರ್ (ಎಕ್ಸಾಸ್ಟ್ ಗ್ಯಾಸ್ ರಿಸರ್ಕ್ಯುಲೇಶನ್) ಅಂದರೆ ಏನು? ಸುಟ್ಟ ಹೊಗೆಯನ್ನು ಮತ್ತೆ ಇಂಜಿನ್ ಒಳಗೆ ಯಾಕೆ ಬಿಡಬೇಕು?

ಎಲ್ಲರಿಗೂ ಮೊದಲು ಬರುವ ಅನುಮಾನ ಇದೇ. ಇಂಜಿನ್‌ನಿಂದ ಹೊರಗೆ ಹೋಗುವ ಹೊಗೆಯಲ್ಲಿ ಒಂದು ಪಾಲನ್ನು ತಿರುಗಿಸಿ, ಒಳಗೆ ಬರುವ ಗಾಳಿಯ ಜೊತೆ ಸೇರಿಸುವ ವ್ಯವಸ್ಥೆ ಇದು. ಈ ಹೊಗೆಯಲ್ಲಿ ಉರಿಯುವುದಕ್ಕೆ ಬೇಕಾದ ಆಮ್ಲಜನಕ ಕಡಿಮೆ. ಅದು ಸಿಲಿಂಡರ್ ಒಳಗೆ ಸುಮ್ನೆ ಜಾಗ ಹಿಡಿದುಕೊಂಡು, ಬಿಸಿಯನ್ನು ಹೀರಿಕೊಂಡು, ಉರಿಯ ತಾಪವನ್ನು ಇಳಿಸುತ್ತದೆ. ತಾಪ ಸುಮಾರು 1,370 ಡಿಗ್ರಿ ಸೆಲ್ಸಿಯಸ್ ದಾಟಿದರೆ ಗಾಳಿಯಲ್ಲಿರುವ ಸಾರಜನಕವೇ ಆಮ್ಲಜನಕದ ಜೊತೆ ಸೇರಿ ನೈಟ್ರೋಜನ್ ಆಕ್ಸೈಡ್ ಆಗುವುದು ಜೋರಾಗುತ್ತದೆ. ಉಸಿರಾಟಕ್ಕೆ ಕೆಟ್ಟದ್ದು ಅದು. ಅದನ್ನು ತಡೆಯುವುದೇ ಇಜಿಆರ್ ಕೆಲಸ. 1970ರ ದಶಕದ ಆರಂಭದಿಂದ ಇದು ಕಾರುಗಳಲ್ಲಿ ಇದೆ. ಹೊಸದೇನೂ ಅಲ್ಲ.

ಈ ಹೊಗೆಯ ದಾರಿಯನ್ನು ತೆರೆದು ಮುಚ್ಚುವುದು ಇಜಿಆರ್ ವಾಲ್ವ್. ಪೆಟ್ರೋಲ್ ಇಂಜಿನ್ ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಸುಮ್ನೆ ಓಡುತ್ತಾ) ಇರುವಾಗ, ಇಂಜಿನ್ ತಣ್ಣಗಿರುವಾಗ, ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ವಾಲ್ವ್ ಮುಚ್ಚಿರಬೇಕು. ಹದವಾದ ವೇಗದಲ್ಲಿ ಹೋಗುವಾಗ ಮಾತ್ರ ತೆರೆಯುತ್ತದೆ. ಡೀಸೆಲ್ ಹಾಗಲ್ಲ. ಐಡಲ್‌ನಲ್ಲೂ ತೆರೆದಿರಬಹುದು, ಹಗುರ ಲೋಡ್‌ನಲ್ಲಿ ಪೆಟ್ರೋಲ್‌ಗಿಂತ ತುಂಬಾ ಜಾಸ್ತಿ ಹೊಗೆಯನ್ನು ಒಳಗೆ ಬಿಡುತ್ತದೆ. ಈ ವ್ಯತ್ಯಾಸ ನೆನಪಿಟ್ಟುಕೊಳ್ಳಿ, ಮುಂದೆ ಪ್ರತಿ ಪರೀಕ್ಷೆಯಲ್ಲೂ ಬೇಕಾಗುತ್ತದೆ.

ಕಾರಿನ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಾಕದೆ, ಗಾಡಿ ಓಡಿಸುವಾಗಲೇ ಇಜಿಆರ್ ಕೆಟ್ಟಿದೆ ಅಂತ ಗೊತ್ತಾಗುತ್ತದಾ?

ಅನುಮಾನ ಪಡುವಷ್ಟು ಗೊತ್ತಾಗುತ್ತದೆ. ವಾಲ್ವ್ ತೆರೆದೇ ಸಿಕ್ಕಿಕೊಂಡಿದೆಯಾ, ಮುಚ್ಚಿಯೇ ಸಿಕ್ಕಿಕೊಂಡಿದೆಯಾ ಅನ್ನುವುದರ ಮೇಲೆ ಲಕ್ಷಣ ಪೂರ್ತಿ ಬೇರೆ.

ಪೆಟ್ರೋಲ್ ಕಾರಿನಲ್ಲಿ ತೆರೆದು ಸಿಕ್ಕಿಕೊಂಡರೆ ಐಡಲ್ ಒರಟಾಗುತ್ತದೆ, ಸಿಗ್ನಲ್‌ನಲ್ಲಿ ನಿಂತಾಗ ಇಂಜಿನ್ ಆಫ್ ಆಗಬಹುದು, ನಡುನಡುವೆ ಉರಿ ತಪ್ಪಿ ಮಿಸ್ಸಿಂಗ್ ಬರುತ್ತದೆ, ಆದರೆ ಸ್ವಲ್ಪ ಆಕ್ಸಿಲರೇಟರ್ ಕೊಟ್ಟ ತಕ್ಷಣ ಎಲ್ಲ ಸರಿಹೋದ ಹಾಗೆ ಅನ್ನಿಸುತ್ತದೆ. ಆರ್‌ಪಿಎಂ ಏರಿದಾಗ ಒಳಗೆ ಬರುವ ಗಾಳಿ ಜಾಸ್ತಿಯಾಗಿ, ಆ ಹೊಗೆಯ ಪಾಲು ಸಣ್ಣದಾಗುವುದೇ ಇದಕ್ಕೆ ಕಾರಣ. ಪ್ಲಗ್, ಕಾಯಿಲ್ ಎಲ್ಲ ಬದಲಿಸಿದರೂ ಐಡಲ್ ಮಾತ್ರ ಸರಿಯಾಗಿಲ್ಲ ಅನ್ನುವವರು ಇದನ್ನೊಮ್ಮೆ ನೋಡಬೇಕು.

ಮುಚ್ಚಿ ಸಿಕ್ಕಿಕೊಂಡರೆ ಪೆಟ್ರೋಲ್ ಕಾರು ನಾಕಿಂಗ್ ಮಾಡಬಹುದು. ಹದವಾದ ವೇಗದಲ್ಲಿ ಏರು ಹತ್ತುವಾಗ ಕಲ್ಲು ಅಲ್ಲಾಡಿಸಿದಂಥ ಟಕಟಕ ಸದ್ದು. ಉಳಿದಂತೆ ಗಾಡಿ ಚೆನ್ನಾಗೇ ಓಡುತ್ತದೆ, ಮೀಟರ್ ಬೋರ್ಡಿನಲ್ಲಿ ಇಂಜಿನ್ ಲೈಟ್ ಬಂದಾಗಲೇ ಗೊತ್ತಾಗುವುದು.

ಡೀಸೆಲ್‌ನಲ್ಲಿ ತೆರೆದು ಸಿಕ್ಕಿಕೊಂಡರೆ ಪಿಕಪ್ ಸತ್ತುಹೋಗುತ್ತದೆ, ಆಕ್ಸಿಲರೇಟರ್ ಒತ್ತಿದರೆ ಕಪ್ಪು ಹೊಗೆ, ಕೆಲವೊಮ್ಮೆ ಗಾಡಿ ಲಿಂಪ್ ಮೋಡ್‌ಗೆ (ಇಂಜಿನ್ ಕಾಪಾಡಲು ಕಂಪ್ಯೂಟರ್ ಶಕ್ತಿ ಇಳಿಸುವ ಸ್ಥಿತಿಗೆ) ಹೋಗುತ್ತದೆ. ಮುಚ್ಚಿ ಸಿಕ್ಕಿಕೊಂಡರೆ ಓಡಿಸುವವರಿಗೆ ಏನೂ ಅನ್ನಿಸುವುದಿಲ್ಲ. ನಷ್ಟವಾಗುವುದು ಹಿಂದೆ ಬರುವವರ ಉಸಿರಿಗೆ.

ಸ್ಕ್ಯಾನರ್‌ನಲ್ಲಿ ಪಿ0401 ಅನ್ನುವ ದೋಷದ ಕೋಡ್ ಬಂದಿದೆ. ವಾಲ್ವ್ ಬದಲಿಸಬೇಕು ಅಲ್ವಾ?

ದಯವಿಟ್ಟು ಇನ್ನೂ ಬೇಡ. ಈ ಪುಟದಲ್ಲಿ ಒಂದೇ ಒಂದು ಉತ್ತರ ಓದುವುದಿದ್ದರೆ ಇದನ್ನೇ ಓದಿ.

ಪಿ0401 ಅಂದರೆ "ಇಜಿಆರ್ ಹರಿವು ಸಾಲದು" ಅಂತ. ಕಾರಿನ ಕಂಪ್ಯೂಟರ್ ಒಂದು ಪರೀಕ್ಷೆ ಮಾಡಿತು, ಆ ಪರೀಕ್ಷೆಯಲ್ಲಿ ನಿರೀಕ್ಷಿಸಿದಷ್ಟು ಬದಲಾವಣೆ ಕಾಣಲಿಲ್ಲ, ಅಷ್ಟೇ ಅದರ ಅರ್ಥ. ಯಾವ ಭಾಗ ಕೆಟ್ಟಿದೆ ಅಂತ ಅದು ಹೇಳಿಲ್ಲ. ಎಷ್ಟೋ ಕಾರುಗಳಲ್ಲಿ ಈ ಪರೀಕ್ಷೆ ನಡೆಯುವುದು ಹೀಗೆ: ನೀವು ಆಕ್ಸಿಲರೇಟರ್ ಬಿಟ್ಟು ಗಾಡಿ ತಾನಾಗಿ ನಿಧಾನ ಆಗುವಾಗ ಕಂಪ್ಯೂಟರ್ ಒಂದು ಕ್ಷಣ ಇಜಿಆರ್ ವಾಲ್ವ್ ತೆರೆಯುತ್ತದೆ. ಇಂಟೇಕ್ ಮ್ಯಾನಿಫೋಲ್ಡ್ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆ) ಒಳಗಿನ ಒತ್ತಡ ಏರಿತಾ ಅಂತ ಅದನ್ನು ಅಳೆಯುವ ಮ್ಯಾಪ್ ಸೆನ್ಸರ್‌ನಲ್ಲಿ ನೋಡುತ್ತದೆ. ಏರಲಿಲ್ಲ ಅಂದರೆ ಹೊಗೆ ಬರಲಿಲ್ಲ ಅಂತ ತೀರ್ಮಾನ. ಹೊಗೆ ಯಾಕೆ ಬರಲಿಲ್ಲ ಅನ್ನುವುದನ್ನು ಹುಡುಕುವ ಕೆಲಸ ನಮ್ಮದು.

ನನಗೇ ಆದದ್ದು ಹೇಳುತ್ತೇನೆ. ನನ್ನ ಹಳೇ ಪೆಟ್ರೋಲ್ ಕಾರಿಗೆ ಇದೇ ಕೋಡ್ ಬಂತು. ಗ್ಯಾರೇಜ್‌ನವರು ಕೋಡ್ ಓದಿದರು, ವಾಲ್ವ್ ಹೋಗಿದೆ ಅಂದರು, ಹೊಸದು ಹಾಕಿದರು. ಒಂದು ವಾರಕ್ಕೆ ಲೈಟ್ ಮತ್ತೆ ಹತ್ತಿತು. ಆಮೇಲೆ ನಾನೇ ಹೊಸ ವಾಲ್ವ್ ಬಿಚ್ಚಿ ಅದರ ಹಿಂದಿನ ದಾರಿಯಲ್ಲಿ ತಂತಿ ತೂರಿಸಿ ನೋಡಿದೆ, ತಂತಿ ಎರಡು ಇಂಚು ಕೂಡ ಒಳಗೆ ಹೋಗಲಿಲ್ಲ. ಮ್ಯಾನಿಫೋಲ್ಡ್ ಒಳಗಿನ ಕಿಂಡಿ ಮಸಿಯಿಂದ ಕಲ್ಲಿನ ಹಾಗೆ ಮುಚ್ಚಿಹೋಗಿತ್ತು. ವಾಲ್ವ್ ಪಾಪ ಸರಿಯಾಗೇ ತೆರೆದು ಮುಚ್ಚುತ್ತಿತ್ತು. ಕೆರೆದು ಚೊಕ್ಕ ಮಾಡಿ ಹಳೇ ವಾಲ್ವನ್ನೇ ಮತ್ತೆ ಹಾಕಿದೆ. ಆ ಕೋಡ್ ಮತ್ತೆ ಬರಲಿಲ್ಲ. ಅವತ್ತಿನಿಂದ ಯಾರೇ ಕೇಳಿದರೂ ಮೂರು ವಿಷಯ ಬೇರೆ ಬೇರೆಯಾಗಿ ನೋಡಿ ಅನ್ನುತ್ತೇನೆ. ಕಂಪ್ಯೂಟರ್ ಆಜ್ಞೆ ಕೊಟ್ಟಿತಾ? ವಾಲ್ವ್ ಅಲುಗಾಡಿತಾ? ಹೊಗೆ ನಿಜವಾಗಿ ಹರಿಯಿತಾ? ಈ ಮೂರರಲ್ಲಿ ಎಲ್ಲಿ ಕೊಂಡಿ ಕಳಚಿದೆಯೋ ತೊಂದರೆ ಅಲ್ಲಿದೆ.

ಬೇರೆ ಕೋಡ್‌ಗಳ ಅರ್ಥ ಏನು?

ಪಿ0400 ಅಂದರೆ ಹರಿವಿನಲ್ಲಿ ದೋಷ, ಹೆಚ್ಚೋ ಕಡಿಮೆಯೋ ಹೇಳುವುದಿಲ್ಲ. ಪಿ0402 ಅಂದರೆ ಹರಿವು ಜಾಸ್ತಿ. ಪಿ0403 ವಾಲ್ವ್ ಅಥವಾ ಸೊಲೆನಾಯ್ಡ್‌ನ (ವಾಲ್ವ್ ನಡೆಸುವ ಕರೆಂಟ್ ಸ್ವಿಚ್‌ನಂಥ ಭಾಗ) ಕರೆಂಟ್ ಸರ್ಕ್ಯೂಟ್ ದೋಷ, ಇದಕ್ಕೆ ಮಸಿ ಕೆರೆಯುತ್ತಾ ಕೂರಬೇಡಿ, ನೇರ ವೈರಿಂಗ್ ನೋಡಿ. ಪಿ0404 ಬಂದರೆ ವಾಲ್ವ್ ಹೇಳಿದ ಜಾಗಕ್ಕೆ ಹೋಗುತ್ತಿಲ್ಲ ಅಂತ, ಮಸಿಗೆ ಸಿಕ್ಕಿಕೊಂಡಾಗ ಸಾಮಾನ್ಯವಾಗಿ ಬರುವುದು ಇದೇ. ಪಿ0405 ಮತ್ತು ಪಿ0406 ವಾಲ್ವ್‌ನ ಸೆನ್ಸರ್ ಸಿಗ್ನಲ್ ತೀರಾ ಕಡಿಮೆ, ತೀರಾ ಜಾಸ್ತಿ. ಪಿ2457 ಬಂದರೆ ಇಜಿಆರ್ ಕೂಲರ್ ಆ ಹೊಗೆಯನ್ನು ಸರಿಯಾಗಿ ತಣ್ಣಗೆ ಮಾಡುತ್ತಿಲ್ಲ ಅಂತ.

ಒಂದು ಮಾತು. ಕೋಡ್ ಅಳಿಸುವ ಮುಂಚೆ ಫ್ರೀಜ್ ಫ್ರೇಮ್ ಬರೆದಿಟ್ಟುಕೊಳ್ಳಿ. ಕೋಡ್ ಬಿದ್ದ ಕ್ಷಣದಲ್ಲಿ ವೇಗ ಎಷ್ಟು, ಆರ್‌ಪಿಎಂ ಎಷ್ಟು, ಇಂಜಿನ್ ಬಿಸಿ ಎಷ್ಟು ಅಂತ ಅದರಲ್ಲಿ ಇರುತ್ತದೆ. ಅಳಿಸಿದರೆ ಅದೂ ಹೋಗುತ್ತದೆ.

ನನ್ನ ಹತ್ತಿರ ಸಣ್ಣ ಸ್ಕ್ಯಾನರ್ ಇದೆ. ಅದರಲ್ಲಿ ಏನು ನೋಡಬೇಕು?

ಲೈವ್ ಡೇಟಾಗೆ ಹೋಗಿ. ಇಜಿಆರ್‌ಗೆ ಕೊಟ್ಟ ಆಜ್ಞೆ ಎಷ್ಟು ಶೇಕಡಾ ಅಂತ ಒಂದು ಸಾಲು, ಇಜಿಆರ್ ಎರರ್ ಅಂತ ಇನ್ನೊಂದು ಸಾಲು ಬಹಳಷ್ಟು ಕಾರುಗಳಲ್ಲಿ ಸಿಗುತ್ತದೆ. ಆಜ್ಞೆಗೂ ವಾಲ್ವ್ ಇರುವ ಜಾಗಕ್ಕೂ ಎಷ್ಟು ಅಂತರ ಅಂತ ಈ ಎರರ್ ಹೇಳುತ್ತದೆ. ಆಜ್ಞೆ ಬದಲಾದ ಕ್ಷಣದಲ್ಲಿ ಎರರ್ ಸ್ವಲ್ಪ ಜಿಗಿದು ಮತ್ತೆ ಸೊನ್ನೆ ಹತ್ತಿರ ಬಂದರೆ ವಾಲ್ವ್ ಚೆನ್ನಾಗಿದೆ. ಜಿಗಿದು ಅಲ್ಲೇ ನಿಂತರೆ ವಾಲ್ವ್ ಹಿಂದೆ ಬಿದ್ದಿದೆ. ಇಲ್ಲಿ ಒಂದು ಎಚ್ಚರಿಕೆ: ಆಜ್ಞೆ ಸೊನ್ನೆ ಇರುವಾಗ ವಾಲ್ವ್ ಕೂದಲೆಳೆಯಷ್ಟು ತೆರೆದಿದ್ದರೂ ಕೆಲವು ಸ್ಕ್ಯಾನರ್‌ಗಳು 99 ಶೇಕಡಾ ಎರರ್ ತೋರಿಸುತ್ತವೆ. ಅದು ಲೆಕ್ಕದ ರೀತಿಯಿಂದ ಬರುವ ಅಂಕಿ. ಅದೊಂದನ್ನೇ ನೋಡಿ ಗಾಬರಿಯಾಗಬೇಡಿ.

ಸ್ಕ್ಯಾನರ್‌ಗೆ ವಾಲ್ವ್ ಅಲುಗಾಡಿಸುವ ಶಕ್ತಿ ಇದ್ದರೆ ಇನ್ನೂ ಒಳ್ಳೆಯದು. ಪೆಟ್ರೋಲ್ ಇಂಜಿನ್ ಬಿಸಿ ಮಾಡಿ, ಐಡಲ್‌ನಲ್ಲಿಟ್ಟು, ವಾಲ್ವನ್ನು ನಿಧಾನವಾಗಿ ತೆರೆಯಿರಿ. ಇಂಜಿನ್ ತಡವರಿಸಬೇಕು, ಆಫ್ ಆಗುವ ಹಂತಕ್ಕೆ ಬರಬೇಕು. ವಾಲ್ವ್ ತೆರೆಯಿತು ಅಂತ ಸೆನ್ಸರ್ ಹೇಳುತ್ತಿದೆ, ಇಂಜಿನ್ ಮಾತ್ರ ಏನೂ ಆಗದ ಹಾಗೆ ನಿಶ್ಚಿಂತೆಯಿಂದ ಓಡುತ್ತಿದೆ ಅಂದರೆ ದಾರಿ ಕಟ್ಟಿಕೊಂಡಿದೆ. ನನ್ನ ಕಾರಿನಲ್ಲಿ ಈ ಎರಡು ನಿಮಿಷದ ಪರೀಕ್ಷೆ ಮೊದಲೇ ಮಾಡಿದ್ದರೆ ವಾಲ್ವ್ ಖರ್ಚು ಉಳಿಯುತ್ತಿತ್ತು.

ಡೀಸೆಲ್‌ನಲ್ಲಿ ಇಂಜಿನ್ ಅಷ್ಟು ತಡವರಿಸುವುದಿಲ್ಲ, ಅದಕ್ಕೆ ಒಳಗೆ ಬರುವ ಹೊಸ ಗಾಳಿ ಅಳೆಯುವ ಮಾಫ್ ಸೆನ್ಸರ್ ಅಂಕಿ ನೋಡಿ. ವಾಲ್ವ್ ತೆರೆದಾಗ ಹೊಸ ಗಾಳಿ ಕಡಿಮೆಯಾಗಬೇಕು, ಮುಚ್ಚಿದಾಗ ಏರಬೇಕು. ತೆರೆದರೂ ಮುಚ್ಚಿದರೂ ಅಂಕಿ ಒಂದೇ ಇದ್ದರೆ ಹೊಗೆ ಹರಿಯುತ್ತಿಲ್ಲ, ಇಲ್ಲವೇ ವಾಲ್ವ್ ಅಲುಗಾಡುತ್ತಿಲ್ಲ.

ಗಾಳಿ ಅಳೆಯುವ ಮಾಫ್ ಸೆನ್ಸರ್‌ಗೂ ಇಜಿಆರ್ ಕೋಡ್‌ಗೂ ಏನು ಸಂಬಂಧ?

ಡೀಸೆಲ್‌ನಲ್ಲಿ ತುಂಬಾ ಹತ್ತಿರದ ಸಂಬಂಧ. ಎಷ್ಟೋ ಡೀಸೆಲ್ ಕಾರುಗಳಲ್ಲಿ ಹೊಗೆ ಎಷ್ಟು ಬಂತು ಅಂತ ನೇರ ಅಳೆಯುವ ಸೆನ್ಸರ್ ಇಲ್ಲ. ಹೊಸ ಗಾಳಿ ಎಷ್ಟು ಕಡಿಮೆಯಾಯಿತು ಅನ್ನುವುದನ್ನು ನೋಡಿ ಕಂಪ್ಯೂಟರ್ ಊಹಿಸುತ್ತದೆ. ಹಾಗಾಗಿ ಮಾಫ್ ಸುಳ್ಳು ಹೇಳಿದರೆ ಇಜಿಆರ್ ಮೇಲೆ ಆಪಾದನೆ ಬರುತ್ತದೆ. ಸೆನ್ಸರ್ ಕೊಳೆಯಾಗಿ ಗಾಳಿ ಕಡಿಮೆ ತೋರಿಸಿದರೆ "ಹೊಗೆ ಜಾಸ್ತಿ" ಅಂತ, ಜಾಸ್ತಿ ತೋರಿಸಿದರೆ "ಹೊಗೆ ಸಾಲದು" ಅಂತ ಕೋಡ್ ಬೀಳಬಹುದು. ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಆದಮೇಲಿನ ಪೈಪು ಸೀಳಿದ್ದರೂ ಹೀಗೇ. ಅಳೆದ ಗಾಳಿಯಲ್ಲಿ ಒಂದಷ್ಟು ಹೊರಗೆ ಸೋರುತ್ತದೆ, ಇಂಜಿನ್‌ಗೆ ಹೋಗಿದ್ದಕ್ಕಿಂತ ಲೆಕ್ಕ ಜಾಸ್ತಿ ಬರುತ್ತದೆ, ಹೊಗೆ ಸಾಲದು ಅನ್ನುತ್ತದೆ. ವಾಲ್ವ್ ಬಿಚ್ಚುವ ಮುಂಚೆ, ಟರ್ಬೊ ಗಾಳಿಯನ್ನು ತಣ್ಣಗೆ ಮಾಡುವ ಇಂಟರ್‌ಕೂಲರ್‌ನ ಪೈಪುಗಳ ಮೇಲೆ ಕೈಯಾಡಿಸಿ. ಎಣ್ಣೆ ಜಿನುಗಿ ಒದ್ದೆಯಾದ ಜಾಗ ಸಿಕ್ಕರೆ ಅಲ್ಲಿ ಸೀಳಿದೆಯಾ, ಕ್ಲ್ಯಾಂಪ್ ಸಡಿಲಾಗಿದೆಯಾ ಅಂತ ಚೆನ್ನಾಗಿ ನೋಡಿ.

ನನ್ನದು ಹಳೇ ಕಾರು, ವ್ಯಾಕ್ಯೂಮ್‌ನಲ್ಲಿ (ಗಾಳಿ ಎಳೆತದಲ್ಲಿ) ನಡೆಯುವ ವಾಲ್ವ್. ಸ್ಕ್ಯಾನರ್ ಇಲ್ಲದೆ ಆಗುತ್ತದಾ?

ಆಗುತ್ತದೆ, ಇನ್ನೂ ಸುಲಭ. ಕೈಯಲ್ಲಿ ಒತ್ತುವ ವ್ಯಾಕ್ಯೂಮ್ ಪಂಪು ಒಂದು ಬೇಕು. ವಾಲ್ವ್ ಮೇಲಿನ ರಬ್ಬರ್ ಪೈಪು ಕಳಚಿ ಪಂಪು ಸಿಕ್ಕಿಸಿ. ಇಂಜಿನ್ ಐಡಲ್‌ನಲ್ಲಿರುವಾಗ ವ್ಯಾಕ್ಯೂಮ್ ಕೊಡಿ. ಇಂಜಿನ್ ತಡವರಿಸಿದರೆ ವಾಲ್ವೂ ಸರಿ, ದಾರಿಯೂ ಸರಿ, ತೊಂದರೆ ವಾಲ್ವ್‌ಗೆ ವ್ಯಾಕ್ಯೂಮ್ ತಲುಪಿಸುವ ಕಡೆ ಇದೆ. ಪಂಪಿನ ಮುಳ್ಳು ತಾನಾಗಿ ಇಳಿದುಹೋದರೆ ಒಳಗಿನ ಡಯಾಫ್ರಾಮ್ (ತೆಳು ಪೊರೆ) ಹರಿದಿದೆ. ಮುಳ್ಳು ನಿಂತಿದೆ, ವಾಲ್ವ್‌ನ ಕಡ್ಡಿ ಅಲುಗಾಡುವುದೂ ಕಾಣಿಸುತ್ತದೆ, ಇಂಜಿನ್ ಮಾತ್ರ ಕ್ಯಾರೇ ಅನ್ನಲಿಲ್ಲ ಅಂದರೆ ಮತ್ತೆ ಅದೇ, ಮಸಿ ಕಟ್ಟಿದ ದಾರಿ.

ಕೆಲವು ಹಳೇ ವಾಲ್ವ್‌ಗಳು ಸೈಲೆನ್ಸರ್ ಕಡೆಯ ಒತ್ತಡ ಸಾಕಷ್ಟು ಇದ್ದರೆ ಮಾತ್ರ ವ್ಯಾಕ್ಯೂಮ್ ಹಿಡಿಯುತ್ತವೆ. ಅಂಥವು ಐಡಲ್‌ನಲ್ಲಿ ವ್ಯಾಕ್ಯೂಮ್ ಬಿಟ್ಟುಬಿಡುವುದು ಸಹಜ. ನಿಮ್ಮದು ಯಾವ ಬಗೆ ಅಂತ ಸರ್ವಿಸ್ ಪುಸ್ತಕದಲ್ಲಿ ನೋಡಿಕೊಂಡು ಆಮೇಲೆ ಕೆಟ್ಟಿದೆ ಅನ್ನಿ.

ಸೊಲೆನಾಯ್ಡ್‌ಗೆ ಹೋಗುವ ಸಣ್ಣ ಪೈಪುಗಳನ್ನೂ ಬಗ್ಗಿಸಿ ನೋಡಿ. ಬಿಸಿಗೆ ಗಟ್ಟಿಯಾಗಿ, ಕೆಳಭಾಗದಲ್ಲಿ ಕಣ್ಣಿಗೆ ಕಾಣದ ಹಾಗೆ ಬಿರುಕು ಬಿಟ್ಟಿರುತ್ತವೆ.

ಮಲ್ಟಿಮೀಟರ್ ಇದೆ. ವಾಲ್ವ್ ವೈರಿಂಗ್ ಹೇಗೆ ಪರೀಕ್ಷೆ ಮಾಡಲಿ?

ಇಗ್ನಿಷನ್ ಆನ್, ಇಂಜಿನ್ ಆಫ್. ಎಲೆಕ್ಟ್ರಿಕ್ ವಾಲ್ವ್‌ನ ಪೊಸಿಷನ್ ಸೆನ್ಸರ್‌ಗೆ ಸಾಮಾನ್ಯವಾಗಿ ಮೂರು ವೈರು: 5 ವೋಲ್ಟ್, ಗ್ರೌಂಡ್, ಸಿಗ್ನಲ್. ಯಾವ ಪಿನ್ ಯಾವುದು ಅಂತ ವೈರಿಂಗ್ ನಕ್ಷೆ ನೋಡಿಯೇ ಮುಟ್ಟಿ. ಕನೆಕ್ಟರ್ ಕಳಚಿದಾಗ 5 ವೋಲ್ಟ್ ಬರುತ್ತಿಲ್ಲ ಅಂದರೆ ವಾಲ್ವ್ ಬದಲಿಸಿ ಏನೂ ಪ್ರಯೋಜನ ಇಲ್ಲ. ಕನೆಕ್ಟರ್ ಹಾಕಿ ಹಿಂದಿನಿಂದ ಅಳೆದರೆ, ವಾಲ್ವ್ ಮುಚ್ಚಿದಾಗ ಸಿಗ್ನಲ್ ಹೆಚ್ಚಿನ ಕಾರುಗಳಲ್ಲಿ 1 ವೋಲ್ಟ್ ಆಸುಪಾಸು ಅಥವಾ ಕಡಿಮೆ ಇರುತ್ತದೆ, ತೆರೆದ ಹಾಗೆ ಏರುತ್ತದೆ. ಮಧ್ಯೆ ಎಲ್ಲೂ ಧಡಕ್ ಅಂತ ಸೊನ್ನೆಗೆ ಬೀಳಬಾರದು. ಕನೆಕ್ಟರ್ ಒಳಗೆ ಹಸಿರು ಪಾಚಿಯಂಥ ತುಕ್ಕು ಇದೆಯಾ, ಪಿನ್ ಹಿಂದಕ್ಕೆ ಸರಿದಿದೆಯಾ ಅಂತ ಟಾರ್ಚ್ ಬಿಟ್ಟು ನೋಡಿ. ವಾಲ್ವ್ ಇರುವ ಜಾಗದ ಬಿಸಿಗೆ ವೈರಿನ ಸಿಪ್ಪೆ ಪುಡಿಯಾಗುವುದೂ ಉಂಟು.

ಐಡಲ್ ಒರಟಾಗಿದೆ. ಇಜಿಆರ್ ಸೋರಿಕೆಯೋ, ಎಲ್ಲೋ ಗಾಳಿ ಎಳೆಯುತ್ತಿದೆಯೋ, ಹೇಗೆ ಹೇಳುವುದು?

ಒಳ್ಳೆಯ ಪ್ರಶ್ನೆ, ಏಕೆಂದರೆ ಎರಡರಲ್ಲೂ ಪೆಟ್ರೋಲ್ ಇಂಜಿನ್ನಿನ ಮ್ಯಾನಿಫೋಲ್ಡ್ ಒತ್ತಡ ಐಡಲ್‌ನಲ್ಲಿ ಇರಬೇಕಾದ್ದಕ್ಕಿಂತ ಏರುತ್ತದೆ. ವ್ಯತ್ಯಾಸ ಇರುವುದು ಆಮ್ಲಜನಕದಲ್ಲಿ. ಹೊರಗಿನ ಗಾಳಿ ಸೋರಿ ಬಂದರೆ ಅದರಲ್ಲಿ ಆಮ್ಲಜನಕ ಇದೆ. ಮಾಫ್ ಇರುವ ಕಾರಿನಲ್ಲಿ ಅದು ಅಳತೆಗೆ ಸಿಗುವುದಿಲ್ಲ, ಹಾಗಾಗಿ ಕಂಪ್ಯೂಟರ್ ಪೆಟ್ರೋಲ್ ಜಾಸ್ತಿ ಕೊಡುತ್ತಾ ಫ್ಯೂಯಲ್ ಟ್ರಿಮ್ (ಪೆಟ್ರೋಲ್ ಹೆಚ್ಚು ಕಡಿಮೆ ಮಾಡಿದ ಲೆಕ್ಕ, ಸ್ಕ್ಯಾನರ್‌ನಲ್ಲಿ ಕಾಣುತ್ತದೆ) ಮೇಲಕ್ಕೆ ಹೋಗುತ್ತದೆ. ಇಜಿಆರ್ ಹೊಗೆಯಲ್ಲಿ ಆಮ್ಲಜನಕ ಅಷ್ಟಾಗಿ ಇಲ್ಲ. ಅದಕ್ಕೆ ಐಡಲ್ ಒರಟಾಗಿದ್ದರೂ ಟ್ರಿಮ್ ಸಾಮಾನ್ಯವಾಗಿ ಅಷ್ಟು ಏರುವುದಿಲ್ಲ. ಪಕ್ಕಾ ಮಾಡಿಕೊಳ್ಳಬೇಕಾದರೆ ತಣ್ಣಗಿರುವಾಗ ವಾಲ್ವ್ ಬಿಚ್ಚಿ, ತೆಳು ಉಕ್ಕಿನ ತಗಡು ಕತ್ತರಿಸಿ ಗ್ಯಾಸ್ಕೆಟ್ ಜಾಗದಲ್ಲಿ ಇಟ್ಟು, ಇಂಜಿನ್ ಸ್ಟಾರ್ಟ್ ಮಾಡಿ ಐಡಲ್ ನೋಡಿ. ಸರಿಹೋದರೆ ಉತ್ತರ ಸಿಕ್ಕಿತು. ತಗಡು ಪರೀಕ್ಷೆಗೆ ಮಾತ್ರ, ಆಮೇಲೆ ಮರೆಯದೆ ತೆಗೆಯಿರಿ.

ಡೀಸೆಲ್ ಕಾರು ಕಪ್ಪು ಹೊಗೆ ಬಿಡುತ್ತಿದೆ. ಇಜಿಆರ್‌ದೇನಾ?

ಇರಬಹುದು, ಇಲ್ಲದೆಯೂ ಇರಬಹುದು. ಕಪ್ಪು ಹೊಗೆ ಅಂದರೆ ಡೀಸೆಲ್‌ಗೆ ಸಾಕಷ್ಟು ಗಾಳಿ ಸಿಗುತ್ತಿಲ್ಲ ಅಂತ. ಏರ್ ಫಿಲ್ಟರ್ ಕಟ್ಟಿದ್ದರೂ, ಟರ್ಬೊ ಪೈಪು ಸೀಳಿದ್ದರೂ, ಇಂಜೆಕ್ಟರ್ ಸೋರಿದರೂ ಹೀಗೇ. ಫಿಲ್ಟರ್, ಪೈಪು ನೋಡಿಕೊಂಡು ಆಮೇಲೆ ಇಜಿಆರ್‌ಗೆ ಬನ್ನಿ. ಡಿಪಿಎಫ್ (ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರ್) ಇರುವ ಕಾರಿನಲ್ಲಿ ಹೊಗೆ ಹೊರಗೆ ಕಾಣುವುದೇ ಇಲ್ಲ, ಮಸಿ ಎಲ್ಲ ಡಿಪಿಎಫ್ ಒಳಗೆ ತುಂಬುತ್ತದೆ. ಡಿಪಿಎಫ್ ಮೊದಲಿಗಿಂತ ಬೇಗ ಬೇಗ ತುಂಬುತ್ತಿದ್ದರೆ, ಅದನ್ನು ಚೊಕ್ಕ ಮಾಡಿಸುವುದಷ್ಟೇ ಸಾಲದು, ಮಸಿ ಎಲ್ಲಿಂದ ಬರುತ್ತಿದೆ ಅಂತ ಹುಡುಕಬೇಕು.

ಕೂಲಂಟ್ ಕಡಿಮೆಯಾಗುತ್ತಿದೆ, ಎಲ್ಲೂ ಸೋರಿಕೆ ಕಾಣುತ್ತಿಲ್ಲ. ಇದಕ್ಕೂ ಇಜಿಆರ್‌ಗೂ ಸಂಬಂಧ ಇದೆಯಾ?

ಇದೆ, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಡೀಸೆಲ್‌ಗಳಲ್ಲಿ ಹೊಗೆಯನ್ನು ತಣ್ಣಗೆ ಮಾಡಲು ಕೂಲರ್ ಇರುತ್ತದೆ. ಒಂದು ಕಡೆ ಬಿಸಿ ಹೊಗೆ, ಇನ್ನೊಂದು ಕಡೆ ಕೂಲಂಟ್, ಮಧ್ಯೆ ತೆಳುವಾದ ಲೋಹ. ಅದು ಬಿರುಕು ಬಿಟ್ಟರೆ ಕೂಲಂಟ್ ಹೊಗೆಯ ದಾರಿಗೆ ಸೇರಿ ಇಂಜಿನ್‌ನಲ್ಲಿ ಆವಿಯಾಗಿ ಹೋಗುತ್ತದೆ. ಸೈಲೆನ್ಸರ್‌ನಿಂದ ಬಿಳಿ ಆವಿ, ಸಿಹಿ ವಾಸನೆ. ಕೆಲವೊಮ್ಮೆ ಕೂಲಂಟ್ ಡಬ್ಬದಲ್ಲಿ ಗುಳ್ಳೆ. ಹೆಡ್ ಗ್ಯಾಸ್ಕೆಟ್ (ಇಂಜಿನ್ ಮೇಲ್ಭಾಗವಾದ ಹೆಡ್‌ನ ಕೆಳಗಿನ ಸೀಲು) ಹೋದರೂ ಇವೇ ಲಕ್ಷಣ, ಅದಕ್ಕೇ ಹೆಡ್ ಇಳಿಸುವ ಮುಂಚೆ ಕೂಲರ್ ಪರೀಕ್ಷೆ ಮಾಡಲೇಬೇಕು. ವಾಲ್ವ್ ಬಿಚ್ಚಿದಾಗ ಒಳಗೆ ಒಣ ಮಸಿಯ ಬದಲು ಒದ್ದೆ ರಾಡಿ, ಇಲ್ಲವೇ ಬಿಳಿ ಉಪ್ಪಿನಂಥ ಕಲೆ ಕಂಡರೆ ಕೂಲರ್ ಮೇಲೆ ಅನುಮಾನ ಗಟ್ಟಿ. ಕೂಲರ್ ಹೊರತೆಗೆದು, ಕೂಲಂಟ್ ಬಾಯಿಗಳನ್ನು ಮುಚ್ಚಿ, ಹದವಾದ ಗಾಳಿ ಒತ್ತಡ ಕೊಟ್ಟು ನೀರಲ್ಲಿ ಮುಳುಗಿಸಿದರೆ ಗುಳ್ಳೆ ಹೇಳಿಬಿಡುತ್ತದೆ.

ಇದು ಎಷ್ಟು ದೂರ ಹೋಗಬಹುದು ಅಂದರೆ, 2018ರಲ್ಲಿ ಬಿಎಂಡಬ್ಲ್ಯೂ ಡೀಸೆಲ್ ಕಾರುಗಳಲ್ಲಿ ಕೂಲರ್‌ನಿಂದ ಸೋರಿದ ಕೂಲಂಟ್ ಮಸಿಯ ಜೊತೆ ಸೇರಿ ಬೆಂಕಿ ಹೊತ್ತಿಕೊಂಡು, ದಕ್ಷಿಣ ಕೊರಿಯಾ ಒಂದರಲ್ಲೇ ಒಂದು ಲಕ್ಷಕ್ಕೂ ಹೆಚ್ಚು ಕಾರುಗಳನ್ನು ವಾಪಸ್ ಕರೆಸಬೇಕಾಯಿತು. ಕೂಲಂಟ್ ಜಾಸ್ತಿ ಸೋರಿ ಸಿಲಿಂಡರ್‌ನಲ್ಲಿ ನಿಂತರೆ ಸ್ಟಾರ್ಟ್ ಮಾಡುವಾಗ ಪಿಸ್ಟನ್ ಹಿಡಿದ ಕನೆಕ್ಟಿಂಗ್ ರಾಡ್ ಬಾಗುವ ಅಪಾಯವೂ ಇದೆ. ಅನುಮಾನ ಬಂದರೆ ಓಡಿಸುವುದು ನಿಲ್ಲಿಸಿ.

ಬರೀ ಕ್ಲೀನ್ ಮಾಡಿದರೆ ಸಾಕಾ?

ಮಸಿಯಿಂದಲೇ ಸಿಕ್ಕಿಕೊಂಡಿದ್ದರೆ ಎಷ್ಟೋ ಸಲ ಸಾಕು. ಮೋಟರ್ ಸುಟ್ಟಿದ್ದರೆ, ಸೆನ್ಸರ್ ಹೋಗಿದ್ದರೆ, ಒಳಗಿನ ಹಲ್ಲು ಸವೆದಿದ್ದರೆ ಎಷ್ಟು ತಿಕ್ಕಿದರೂ ಅಷ್ಟೇ.

ವಾಲ್ವ್ ಹೊರತೆಗೆದೇ ಮಾಡಿ. ಕ್ಲೀನರ್ ಬಿಡುವಾಗ ಮೋಟರ್ ಇರುವ ಭಾಗ ಮೇಲೆ, ಮಸಿ ಇರುವ ಬಾಯಿ ಕೆಳಗೆ ಇರಲಿ, ಇಲ್ಲದಿದ್ದರೆ ದ್ರವ ಎಲೆಕ್ಟ್ರಾನಿಕ್ಸ್ ಒಳಗೆ ಇಳಿಯುತ್ತದೆ. ಇಡೀ ವಾಲ್ವನ್ನು ಬಕೆಟ್‌ನಲ್ಲಿ ನೆನೆಹಾಕುವವರನ್ನು ನೋಡಿದ್ದೇನೆ, ಅದು ವಾಲ್ವ್ ಸಾಯಿಸುವ ದಾರಿ. ಮೋಟರ್ ವಾಲ್ವ್‌ನ ಕಡ್ಡಿಯನ್ನು ಸ್ಕ್ರೂಡ್ರೈವರ್‌ನಿಂದ ಬಲವಂತವಾಗಿ ತಳ್ಳಬೇಡಿ, ಒಳಗಿನ ಪ್ಲಾಸ್ಟಿಕ್ ಹಲ್ಲು ಮುರಿಯುತ್ತದೆ. ಕೆರೆದ ಮಸಿಯ ಚೂರು ಒಂದು ವಾಲ್ವ್ ಸೀಟಿನಲ್ಲಿ ಉಳಿದರೂ ಸಾಕು, ವಾಲ್ವ್ ಪೂರ್ತಿ ಮುಚ್ಚದೆ ಹೊಸ ತೊಂದರೆ ಶುರು. ಮ್ಯಾನಿಫೋಲ್ಡ್ ಕಡೆ ಕೆರೆಯುವಾಗ ಚೂರು ಇಂಜಿನ್ ಒಳಗೆ ಬೀಳದ ಹಾಗೆ ಬಟ್ಟೆ ತುರುಕಿ. ಕೊನೆಗೆ ಆ ಬಟ್ಟೆ ತೆಗೆದಿರಾ ಅಂತ ಎರಡು ಸಲ ನೋಡಿ. ಗ್ಯಾಸ್ಕೆಟ್ ಹೊಸದೇ ಹಾಕಿ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಇರಲಿ, ಆ ಮಸಿ ಮೈಗೆ ಒಳ್ಳೆಯದಲ್ಲ.

ಇಂಜಿನ್ ಓಡುತ್ತಿರುವಾಗಲೇ ಇಂಟೇಕ್‌ಗೆ ಸ್ಪ್ರೇ ಹೊಡೆಯುವ ವಿಡಿಯೊಗಳು ತುಂಬಾ ಓಡಾಡುತ್ತಿವೆ. ಡೀಸೆಲ್‌ನಲ್ಲಿ ಅದು ನನಗೆ ಒಪ್ಪಿಗೆ ಇಲ್ಲ. ಆ ದ್ರವ ಉರಿದು ಇಂಜಿನ್ ವೇಗ ಹಿಡಿತ ತಪ್ಪಿ ಏರಬಹುದು, ದೊಡ್ಡ ಮಸಿ ತುಂಡು ಒಮ್ಮೆಲೇ ಕಳಚಿ ಮುಂದೆ ಹೋಗಬಹುದು.

ಮಸಿ ಇಷ್ಟು ಬೇಗ ಯಾಕೆ ಕಟ್ಟುತ್ತದೆ?

ಮಸಿ ಒಂದೇ ಆಗಿದ್ದರೆ ಇಷ್ಟು ಅಂಟುವುದಿಲ್ಲ. ಇಂಜಿನ್ ಕೆಳಭಾಗದಿಂದ ಬ್ರೀದರ್ ಪೈಪಿನಲ್ಲಿ ಬರುವ ಎಣ್ಣೆಯ ಮಂಜು ಅದರ ಜೊತೆ ಸೇರಿ ಡಾಂಬರಿನಂಥ ಪದರ ಆಗುತ್ತದೆ. ದಿನಾ ಸಣ್ಣ ಸಣ್ಣ ದೂರ ಓಡಿಸಿ, ಇಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ ನಿಲ್ಲಿಸುವ ಕಾರುಗಳಲ್ಲಿ ಇದು ಜಾಸ್ತಿ. ಆಗಾಗ ಒಂದು ಉದ್ದ ಓಟ ಸಹಾಯ ಮಾಡುತ್ತದೆ, ಆದರೆ ಆಗಲೇ ಗಟ್ಟಿಯಾದ ಮಸಿಯನ್ನು ಅದು ಕರಗಿಸುವುದಿಲ್ಲ.

ಇಜಿಆರ್ ಪೂರ್ತಿ ಬ್ಲಾಕ್ ಮಾಡಿಸಿಬಿಟ್ಟರೆ?

ಬೇಡ. ಅನೇಕ ದೇಶಗಳಲ್ಲಿ ಅದು ಕಾನೂನಿಗೆ ವಿರುದ್ಧ, ಹೊಗೆ ನಿಯಮಕ್ಕೆ ಕಾರು ತಕ್ಕುದಾಗಿ ಉಳಿಯುವುದಿಲ್ಲ. ಪೆಟ್ರೋಲ್ ಇಂಜಿನ್‌ನಲ್ಲಿ ನಾಕಿಂಗ್ ಬರುತ್ತದೆ, ಕಂಪ್ಯೂಟರ್ ಕೋಡ್ ಹಾಕುತ್ತದೆ. ಕಾನೂನು ಬಿಡಿ, ನನಗೆ ಅದಕ್ಕಿಂತ ದೊಡ್ಡ ಕಾರಣ ಆ ಗಾಳಿಯನ್ನು ಉಸಿರಾಡುವ ಮಕ್ಕಳು.

ನನ್ನ ಪೆಟ್ರೋಲ್ ಕಾರಿನಲ್ಲಿ ಇಜಿಆರ್ ವಾಲ್ವ್ ಎಲ್ಲೂ ಕಾಣಿಸುತ್ತಿಲ್ಲ. ಯಾಕೆ?

ಇಲ್ಲದೆಯೇ ಇರಬಹುದು. ಸಿಲಿಂಡರ್‌ನ ವಾಲ್ವ್‌ಗಳು ತೆರೆದು ಮುಚ್ಚುವ ಹೊತ್ತನ್ನೇ (ವಾಲ್ವ್ ಟೈಮಿಂಗ್) ಬದಲಿಸುವ ಇಂಜಿನ್‌ಗಳಲ್ಲಿ ಇಂಟೇಕ್ ಮತ್ತು ಎಕ್ಸಾಸ್ಟ್ ವಾಲ್ವ್‌ಗಳು ಒಟ್ಟಿಗೆ ತೆರೆದಿರುವ ಹೊತ್ತನ್ನು ಹೆಚ್ಚಿಸಿ, ಸ್ವಲ್ಪ ಹೊಗೆಯನ್ನು ಸಿಲಿಂಡರ್‌ನಲ್ಲೇ ಉಳಿಸಿಕೊಳ್ಳುತ್ತಾರೆ.

ಎಲ್ಲ ಸರಿ ಮಾಡಿದೆ, ಲೈಟ್ ಮಾತ್ರ ಹೋಗುತ್ತಿಲ್ಲ. ಏನು ಮಾಡಲಿ?

ಹೊಸ ವಾಲ್ವ್ ಹಾಕಿದ್ದರೆ, ಕೆಲವೊಮ್ಮೆ ಕ್ಲೀನ್ ಮಾಡಿದರೂ, ಮುಚ್ಚಿದ ಜಾಗ ಯಾವುದು ಅಂತ ಕಂಪ್ಯೂಟರ್‌ಗೆ ಮತ್ತೆ ಕಲಿಸಬೇಕಾಗುತ್ತದೆ. ಕೆಲವು ಕಾರು ಇಗ್ನಿಷನ್ ಆನ್ ಆಫ್ ಮಾಡಿದಾಗ ತಾನೇ ಕಲಿಯುತ್ತದೆ, ಕೆಲವಕ್ಕೆ ಸ್ಕ್ಯಾನರ್‌ನಿಂದ ಹೇಳಬೇಕು. ಅದಾದ ಮೇಲೆ ಕೋಡ್ ಅಳಿಸಿ, ಇಂಜಿನ್ ಪೂರ್ತಿ ಬಿಸಿಯಾದ ಮೇಲೆ ಒಂದೇ ಹದದ ವೇಗದಲ್ಲಿ ಒಂದಷ್ಟು ಹೊತ್ತು ಓಡಿಸಿ, ನಡುನಡುವೆ ಜಾಗ ನೋಡಿಕೊಂಡು ಆಕ್ಸಿಲರೇಟರ್ ಬಿಟ್ಟು ಗಾಡಿ ತಾನಾಗಿ ನಿಧಾನ ಆಗಲು ಬಿಡಿ. ಕಂಪ್ಯೂಟರ್ ತನ್ನ ಪರೀಕ್ಷೆ ಮಾಡುವುದು ಆಗಲೇ. ಸ್ಕ್ಯಾನರ್‌ನಲ್ಲಿ ಇಜಿಆರ್ ಮಾನಿಟರ್ (ಆ ಪರೀಕ್ಷೆಯ ಹೆಸರು) "ಕಂಪ್ಲೀಟ್" ಅಂತ ತೋರಿಸುವ ತನಕ ಗೆದ್ದೆ ಅನ್ನಬೇಡಿ, ಲೈಟ್ ಇಲ್ಲ ಅಂದ ಮಾತ್ರಕ್ಕೆ ಪರೀಕ್ಷೆ ನಡೆದಿದೆ ಅಂತ ಅಲ್ಲ. ಬಹಳಷ್ಟು ಕಾರುಗಳಲ್ಲಿ ಎರಡನೇ ಓಟದಲ್ಲೂ ಪರೀಕ್ಷೆ ಸೋತರೆ ಮಾತ್ರ ಲೈಟ್ ಹತ್ತುತ್ತದೆ, ಹಾಗಾಗಿ ಮೊದಲ ಓಟದ ನಂತರ ಪೆಂಡಿಂಗ್ ಕೋಡ್ (ಲೈಟ್ ಹತ್ತಿಸದೆ ಕಾದಿರುವ ಕೋಡ್) ಇದೆಯಾ ಅಂತ ಒಮ್ಮೆ ನೋಡಿ.